ಕರಾವಳಿಗೂ ಒಣಚಳಿ ಬಂದ ವರ್ಷ

ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯೊಂದರ ಎದೆರೋಗ ವಿಭಾಗದಲ್ಲಿ ನಾನು ಇಪ್ಪತ್ತೇಳು ವರ್ಷ ಕೆಲಸ ಮಾಡಿದೆ. ಈಗ ಹೇಳಹೊರಟಿರುವುದು ನಿವೃತ್ತಿಗೆ ಮುಂಚಿನ ಕೊನೆಯ ಚಳಿಗಾಲದ ಪ್ರಕರಣ. ಕೊರೊನಾ ಮುಗಿದು ವಾರ್ಡುಗಳು ಮೊದಲಿನ ಸ್ಥಿತಿಗೆ ಬಂದಿದ್ದವು. ನಾನು ಬಂದಿರಲಿಲ್ಲ. ಬೆಳಿಗ್ಗೆ ಪಾರ್ವತಿನಗರದ ಮನೆಯಿಂದ ಹೊರಟು ಒಪಿಡಿಯಲ್ಲಿ ಕುಳಿತರೆ ಮಧ್ಯಾಹ್ನದವರೆಗೂ ಒಬ್ಬರಾದ ಮೇಲೊಬ್ಬರ ಎದೆಗೆ ಸ್ಟೆತಸ್ಕೋಪು ಇಡುತ್ತಿದ್ದೆ. ಔಷಧ ಸರಿಯಾಗಿಯೇ ಬರೆಯುತ್ತಿದ್ದೆ. ಆದರೆ ರೋಗಿ ಚೇತರಿಸಿಕೊಂಡರೂ, ತೀರಿಹೋದರೂ ನನ್ನೊಳಗೆ ಏನೂ ಅಲುಗುತ್ತಿರಲಿಲ್ಲ. ಕೆಲಸ ನಡೆಯುತ್ತಿತ್ತಾದ್ದರಿಂದ ಅದನ್ನು ಯಾರಿಗೂ ಹೇಳಿರಲಿಲ್ಲ.

ಕುರುಗೋಡಿನ ಪಂಪಣ್ಣ ನನ್ನ ಹಳೆಯ ರೋಗಿ. ವಯಸ್ಸು ಎಪ್ಪತ್ತರ ಹತ್ತಿರ. ಸಿರುಗುಪ್ಪದ ರೈಸ್‌ಮಿಲ್ಲುಗಳಲ್ಲಿ ಮೂವತ್ತು ವರ್ಷ ದುಡಿದವರು. ಹೊಟ್ಟಿನ ಧೂಳು, ಬಾಯ್ಲರಿನ ಹೊಗೆ, ಜೊತೆಗೆ ಬೀಡಿ. ಅವರಿಗಿದ್ದದ್ದು ಸಿಒಪಿಡಿ. ಶ್ವಾಸನಾಳಗಳು ಕಾಯಂ ಆಗಿ ಕಿರಿದಾಗುವ ಕಾಯಿಲೆ ಅದು. ಎಳೆದುಕೊಂಡ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಇನ್‌ಹೇಲರ್ ಕೊಟ್ಟು ಹತೋಟಿಯಲ್ಲಿ ಇಡಬಹುದೇ ಹೊರತು ಗುಣಪಡಿಸಲಾಗದು. ಇಂಥವರಿಗೆ ಕಷ್ಟದ ಕಾಲ ಚಳಿಗಾಲ. ತಣ್ಣನೆಯ ಒಣಗಾಳಿ ತಾಗಿದರೆ ಕಿರಿದಾದ ನಾಳಗಳು ಇನ್ನಷ್ಟು ಬಿಗಿಯುತ್ತವೆ. ನಮ್ಮ ಕಡೆ ಅದೇ ಹೊತ್ತಿಗೆ ಭತ್ತದ ಕೊಯ್ಲು ಮುಗಿದು, ಸಿರುಗುಪ್ಪದಿಂದ ಕೆಂಚನಗುಡ್ಡದವರೆಗೂ ಗದ್ದೆಗಳಲ್ಲಿ ಹುಲ್ಲು ಸುಡುವ ಹೊಗೆ ಬೇರೆ.

ಅವರ ಮಗಳು ಶಾರದಾಳ ಗಂಡ ಅಂಕೋಲೆಯಲ್ಲಿ ಬಸ್ ಡ್ರೈವರ್. ಕರಾವಳಿಯಲ್ಲಿ ಚಳಿ ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚು. ಹಾಗಾಗಿ ದೀಪಾವಳಿ ಮುಗಿದ ಮೇಲೆ ಅಲ್ಲಿಗೆ ಹೋಗಿ ಶಿವರಾತ್ರಿಗೆ ಬನ್ನಿ ಎಂದು ನಾನೇ ಹೇಳಿದ್ದೆ. ನಾಲ್ಕು ಚಳಿಗಾಲ ಹಾಗೆಯೇ ಕಳೆದಿದ್ದವು, ಹೆಂಡತಿ ನೀಲಮ್ಮ ಜೊತೆಗಿರುತ್ತಿದ್ದರು. ಅಲ್ಲಿದ್ದಷ್ಟು ದಿನ ಪಂಪಣ್ಣ ಒಮ್ಮೆಯೂ ಆಸ್ಪತ್ರೆ ಸೇರಿರಲಿಲ್ಲ.

ಆ ವರ್ಷ ದಸರಾಕ್ಕೆ ಮೊದಲು ನೀಲಮ್ಮ ತೀರಿಕೊಂಡರು. ಬಟ್ಟೆ ಒಣಹಾಕುತ್ತಿದ್ದವರು ಕುಸಿದುಬಿದ್ದರು, ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ದೀಪಾವಳಿಯ ಮುಂದಿನ ವಾರ ಪಂಪಣ್ಣನವರನ್ನು ಮಗ ದೊಡ್ಡಬಸವ ಒಪಿಡಿಗೆ ಕರೆತಂದ. ಕುರುಗೋಡಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ, ಮಾತಿನಲ್ಲಿ ಗಟ್ಟಿಗ. ಶಾರದಾಳೂ ಅಂಕೋಲೆಯಿಂದ ಬಂದಿದ್ದಳು. ಪಂಪಣ್ಣ ಕೂರಿಸಿದ ಕಡೆ ಕುಳಿತರು. ಉಸಿರೆಳೆಯಿರಿ ಎಂದರೆ ಎಳೆದರು, ಬಿಡಿ ಎಂದರೆ ಬಿಟ್ಟರು. ಅವ್ವ ಹೋದಾಗಿನಿಂದ ಅಪ್ಪ ಅತ್ತಿಲ್ಲ, ಮಾತೂ ಇಲ್ಲ, ತಟ್ಟೆ ಮುಂದಿಟ್ಟರೆ ಉಣ್ಣುತ್ತಾನೆ, ಇನ್‌ಹೇಲರ್ ಕೈಗೆ ಕೊಟ್ಟರೆ ತೆಗೆದುಕೊಳ್ಳುತ್ತಾನೆ ಎಂದು ಮಗ ಹೇಳಿದ. ರಕ್ತದಲ್ಲಿನ ಆಮ್ಲಜನಕದ ಪ್ರಮಾಣ, ಅಂದರೆ ಸ್ಯಾಚುರೇಶನ್, ಎಂಬತ್ತೊಂಬತ್ತು ಇತ್ತು. ಅವರ ಮಟ್ಟಿಗೆ ಅದು ನಡೆಯುವಂಥದ್ದು.

ಅವರನ್ನು ಕಳುಹಿಸುವ ಮುಂಚೆ ಪ್ರತಿವರ್ಷ ನಾನು ಕರಾವಳಿಯ ಚಳಿಗಾಲದ ಹವಾಮಾನ ಮುನ್ಸೂಚನೆ ನೋಡುತ್ತಿದ್ದೆ. ಆ ಸಲದ್ದು ಬೇರೆಯೇ ಆಗಿತ್ತು. ಕರಾವಳಿಯಲ್ಲಿ ವಾಡಿಕೆಗಿಂತ ಹೆಚ್ಚು ಚಳಿ, ಮಳೆಯ ಸೂಚನೆ ಇಲ್ಲ, ತೇವಾಂಶ ಕಡಿಮೆ, ಒಳನಾಡಿನಿಂದ ಬೀಸುವ ಒಣಗಾಳಿಯದೇ ಮೇಲುಗೈ. ಮುನ್ಸೂಚನೆ ಬರೆಯುವ ಕೆಲಸದಲ್ಲಿದ್ದ ಪರಿಚಿತರೊಬ್ಬರಿಗೆ ಫೋನ್ ಮಾಡಿ ಮತ್ತೆ ಕೇಳಿದೆ. ರಾತ್ರಿಯಿಂದ ಬೆಳಗಿನವರೆಗೆ ಘಟ್ಟದ ಕಡೆಯಿಂದ ಒಣಗಾಳಿ ಇಳಿಯುತ್ತದೆ, ಮಧ್ಯಾಹ್ನದ ಮೇಲೆ ಮಾತ್ರ ಸಮುದ್ರದ ಗಾಳಿ ಬರುತ್ತದೆ, ಈ ಸಲ ಅದೂ ತಡವಾಗಬಹುದು ಎಂದು ಅವರು ವಿವರಿಸಿದರು.

ಅಣ್ಣತಂಗಿ ಇಬ್ಬರಿಗೂ ಇದನ್ನು ಹೇಳಿದೆ. ಇಷ್ಟು ವರ್ಷ ಅಲ್ಲಿಗೆ ಕಳುಹಿಸಲು ವೈದ್ಯಕೀಯ ಕಾರಣವಿತ್ತು, ಈ ವರ್ಷ ಆ ಕಾರಣ ಇಲ್ಲ, ಎರಡೂ ಕಡೆಯ ಗಾಳಿ ಹೆಚ್ಚುಕಡಿಮೆ ಒಂದೇ ಎಂದೆ. ದೊಡ್ಡಬಸವನ ಮುಖ ಸಡಿಲಾಯಿತು. ತಾಯಿ ಹೋದ ವರ್ಷವೇ ತಂದೆಯನ್ನೂ ಮನೆಯಿಂದ ಕಳುಹಿಸಿದ ಎಂದು ಓಣಿಯವರು ಆಡಿಕೊಳ್ಳುತ್ತಾರೆಂಬ ಅಂಜಿಕೆ ಅವನಿಗಿತ್ತು. ಅದಕ್ಕಿಂತ ದೊಡ್ಡ ಅಂಜಿಕೆ, ಕಣ್ಣೆದುರು ಇಲ್ಲದಾಗ ಇವರೂ ಹೋಗಿಬಿಟ್ಟರೆ ಎಂಬುದು. ಶಾರದಾ ಮೇಜಿನ ಮೇಲಿದ್ದ ಮಾತ್ರೆಗಳನ್ನು ಚೀಲಕ್ಕೆ ಹಾಕತೊಡಗಿದಳು.

ಆಗ ಪಂಪಣ್ಣ ಮಾತಾಡಿದರು. "ಇಷ್ಟು ವರ್ಷ ಗಾಳಿ ಸಲುವಾಗಿ ಹೋಗ್ತಿದ್ದೆ. ಈ ಸಲ ಮಗಳ ಮನಿಗೆ ಹೋಗ್ತೀನಿ."

"ಅಲ್ಲೂ ಥಂಡಿ ಐತಂತಪಾ ಯಪ್ಪಾ, ಮೇಡಮ್ಮಾರು ಈಗ ಹೇಳಿದ್ರಲ್ಲ" ಎಂದ ಮಗ.

"ಇರ್ಲಿ. ನಮ್ಮ ಮನ್ಯಾಗ ಎಲ್ಲಾರೂ ನನ್ನ ಮಾರಿನ ನೋಡ್ಕೊಂತ ಕುಂದ್ರತೀರಿ. ನನಗ ಅಳಾಕ ಆಗವಲ್ದು."

ಹೋಗಬೇಡಿ ಎನ್ನಲು ನನ್ನ ಬಳಿ ಕಾರಣಗಳಿದ್ದವು. ದೂರದ ಪ್ರಯಾಣ, ಘಟ್ಟದ ದಾರಿ, ಅವರ ಎದೆಯ ಇತಿಹಾಸ ಗೊತ್ತಿಲ್ಲದ ಹೊಸ ವೈದ್ಯರು. ಅವನ್ನೆಲ್ಲ ಮುಚ್ಚಿಡದೆ ಹೇಳಿದೆ. ಅಲ್ಲಿ ಏನಾದರೂ ಆದರೆ ಯಾರು ಹೊಣೆ ಎಂದು ದೊಡ್ಡಬಸವ ಕೇಳಿದ. ಇಲ್ಲಿ ಆದರೂ ಯಾರೂ ಹೊಣೆಯಲ್ಲ, ಕಾಯಿಲೆಯೇ ಅಂಥದ್ದು ಎಂದೆ. ನನ್ನ ದನಿ ಎಷ್ಟು ನಿರ್ಭಾವವಾಗಿತ್ತೆಂದು ನನಗೇ ಕೇಳಿಸಿತು. ಅವನು, ಹಾಗಾದರೆ ಗಾಡಿ ಮಾಡಿಸುತ್ತೇನೆ ಎಂದು ಎದ್ದ.

ಮುನ್ಸೂಚನೆ ಆಗ ಬೇರೆ ಉಪಯೋಗಕ್ಕೆ ಬಂತು. ಹೋಗುವುದು ಖಚಿತವಾದ ಮೇಲೆ ಅವರ ದಿನಚರಿಯನ್ನು ಅದರ ಮೇಲೆಯೇ ಕಟ್ಟಿದೆ. ಸಮುದ್ರದ ಗಾಳಿ ಏಳುವವರೆಗೆ ಅಂಗಳಕ್ಕೆ ಕಾಲಿಡಬಾರದು. ಬೆಳಿಗ್ಗೆ ಮೂಗು ಬಾಯಿಗೆ ಹತ್ತಿಯ ಬಟ್ಟೆ. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರದ ಬಾಟಲಿಯಲ್ಲಿ ಗಾಳಿಗೆ ತೇವ ಕೊಡುವ ನೀರು ಬತ್ತಬಾರದು. ಕೆಮ್ಮು ಹೆಚ್ಚಾಗಿ ಕಫದ ಬಣ್ಣ ತಿರುಗಿದರೆ ನನಗೆ ಕೂಡಲೇ ಫೋನ್. ಶಾರದಾ ಎಲ್ಲವನ್ನೂ ನನಗೇ ತಿರುಗಿ ಹೇಳಿ ಒಪ್ಪಿಸಿದಳು.

ಮುನ್ಸೂಚನೆ ನಿಜವಾಯಿತು. ಅಂಕೋಲೆಯಲ್ಲಿ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದಾರೆ, ತುಟಿ ಒಡೆಯುತ್ತಿದೆ ಎಂದು ಶಾರದಾ ಹೇಳುತ್ತಿದ್ದಳು. ಬೆಳಗಿನ ಹೊತ್ತು ಸ್ಯಾಚುರೇಶನ್ ಎಷ್ಟೆಂದು ತಿಳಿಸುತ್ತಿದ್ದಳು. ಅಪ್ಪ ಮಾತಾಡುತ್ತಾರಾ ಎಂದು ನಾನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಣಗಾಳಿ ಜೋರಾಯಿತು. ಪಂಪಣ್ಣನವರಿಗೆ ಜ್ವರ ಬಂದು ಕಫ ಹಳದಿಗೆ ತಿರುಗಿತು, ಸ್ಯಾಚುರೇಶನ್ ಎಂಬತ್ತಮೂರಕ್ಕೆ ಇಳಿಯಿತು. ಕಾಯಿಲೆ ಒಮ್ಮೆಲೇ ಉಲ್ಬಣಿಸುವ ಇಂಥ ಹೊತ್ತಿನಲ್ಲಿ ಮನೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಅಲ್ಲಿನ ಆಸ್ಪತ್ರೆಗೆ ಸೇರಿಸಲು ಹೇಳಿ, ಅಲ್ಲಿಯ ವೈದ್ಯರ ಜೊತೆ ನಾನೇ ಮಾತಾಡಿದೆ. ಒಳ್ಳೆಯವರು, ಎಲ್ಲವನ್ನೂ ಗಮನವಿಟ್ಟು ಕೇಳಿದರು. ದೊಡ್ಡಬಸವ ಅಂಗಡಿಗೆ ಬೀಗ ಹಾಕಿ ಹೊರಟ. ಹುಬ್ಬಳ್ಳಿ ದಾಟಿದ ಮೇಲೆ ನನಗೆ ಫೋನ್ ಮಾಡಿ, ಇದಕ್ಕೇ ನಾನು ಬೇಡ ಅಂದಿದ್ದು ಎಂದ. ಹೌದು ಎಂದೆ.

ಎರಡು ದಿನ ಸುದ್ದಿ ಇಲ್ಲ. ಮೂರನೆಯ ದಿನ ಒಪಿಡಿ ನಡೆಯುವಾಗಲೇ ಅವನ ಫೋನ್ ಬಂತು. ದನಿ ಒಡೆದಿತ್ತು. "ಮೇಡಮ್ಮಾರೆ, ಅಪ್ಪ ಅತ್ತ. ನಮ್ಮವ್ವನ ಹೆಸರು ಹಿಡದು ಕರದು ಅತ್ತ. ನನ್ನ ಕೈ ಬಿಡವಲ್ಲ."

ನಾನು ಕೇಳಿದ್ದು ಒಂದೇ ಮಾತು: ಸ್ಯಾಚುರೇಶನ್ ಎಷ್ಟಿದೆ? ತೊಂಬತ್ತು ಎಂದ. ಒಳ್ಳೆಯದು ಎಂದು ಫೋನ್ ಇಟ್ಟು, ಎದುರಿಗಿದ್ದವರ ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದೆ. ಅದನ್ನು ಎಷ್ಟು ಹೊತ್ತು ಹಿಡಿದಿದ್ದೆನೋ, ಆ ಹೆಂಗಸು ಗಾಬರಿಯಾಗಿ, ಬಾಳ ಕೆಟ್ಟೈತೇನ್ರಿ ಎಂದು ಕೇಳಿದಳು. ಎಕ್ಸ್‌ರೇಯಲ್ಲಿ ಏನೂ ಕೆಟ್ಟಿರಲಿಲ್ಲ.

ದೊಡ್ಡಬಸವ ಅಂಕೋಲೆಯಲ್ಲಿಯೇ ಉಳಿದ. ತಂದೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಒಂದು ವಾರ ತಂಗಿಯ ಮನೆಯಲ್ಲಿದ್ದ. ಮಧ್ಯಾಹ್ನದ ಮೇಲೆ ಮೂವರೂ ಹಿತ್ತಲಲ್ಲಿ ಕುಳಿತು ನೀಲಮ್ಮನ ಮಾತನ್ನೇ ಆಡುತ್ತಿದ್ದರಂತೆ. ಅವರ ಕೋಪ, ಅವರ ಅಡುಗೆ, ಮಕ್ಕಳಿಗೆ ಬಿದ್ದ ಏಟುಗಳು. ಅಮ್ಮ ಹೋದ ಮೇಲೆ ಕುರುಗೋಡಿನ ಮನೆಯಲ್ಲಿ ಅಂಥ ಮಾತು ಒಮ್ಮೆಯೂ ನಡೆದಿರಲಿಲ್ಲ.

ಶಿವರಾತ್ರಿ ಆದ ಮೇಲೆ ತಂದೆಮಗ ನನ್ನ ಕೊಠಡಿಗೆ ಬಂದರು. ಸ್ಪೈರೋಮೆಟ್ರಿ ಮಾಡಿಸಿದೆ. ಯಂತ್ರಕ್ಕೆ ಊದಿಸಿ ಶ್ವಾಸಕೋಶದ ಬಲ ಅಳೆಯುವ ಪರೀಕ್ಷೆ ಅದು. ಹಿಂದಿನ ವರ್ಷಕ್ಕಿಂತ ಫಲಿತಾಂಶ ಇಳಿದಿತ್ತು, ಆ ಉಲ್ಬಣ ತನ್ನ ಪಾಲು ತೆಗೆದುಕೊಂಡಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಆಗ್ಲಿ ಬಿಡ್ರಿ" ಎಂದರು ಪಂಪಣ್ಣ. ಎದ್ದು ಬಾಗಿಲವರೆಗೆ ಹೋದವರು ನಿಂತು ನನ್ನ ಕಡೆ ತಿರುಗಿ ಕೇಳಿದರು, "ನಿಮ್ಮವರು ಯಾರರ ಹೋಗ್ಯಾರೇನ್ರಿ ಮೇಡಮ್ಮಾರೆ? ಕೇಳಬೇಕಂತಿದ್ದೆ."

ಬಹಳ ಮಂದಿ ಎಂದೆ. ನನ್ನ ಜೊತೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಸಿಸ್ಟರ್ ಒಬ್ಬರು ಕೊರೊನಾ ವಾರ್ಡಿನಲ್ಲಿ ನನ್ನ ಕಣ್ಣೆದುರೇ ತೀರಿಕೊಂಡಿದ್ದರು. ಅವರ ಹೆಸರನ್ನು ನಾನು ಅಲ್ಲಿಯವರೆಗೆ ಯಾರ ಮುಂದೆಯೂ ಎತ್ತಿರಲಿಲ್ಲ. ಪಂಪಣ್ಣನವರ ಮುಂದೆ ಎತ್ತಿದೆ. ಅವರು ಬಂದು ಮತ್ತೆ ಕುರ್ಚಿಯಲ್ಲಿ ಕುಳಿತರು. ದೊಡ್ಡಬಸವ ಬಾಗಿಲು ಮುಂದೆ ಮಾಡಿ, ಸರದಿಯಲ್ಲಿದ್ದವರಿಗೆ ಸ್ವಲ್ಪ ತಡೀರಿ ಎಂದು ಹೇಳಿದ.

ಮರುವರ್ಷದ ಮಳೆಗಾಲದಲ್ಲಿ ಪಂಪಣ್ಣ ಕುರುಗೋಡಿನ ಮನೆಯಲ್ಲಿಯೇ ತೀರಿಕೊಂಡರು. ಆ ವೇಳೆಗೆ ನಾನು ನಿವೃತ್ತಳಾಗಿದ್ದೆ.

ನಿವೃತ್ತಿಗೆ ಮುಂಚೆ ಉಳಿದಿದ್ದ ಕೆಲವು ತಿಂಗಳ ಸೇವೆಯಲ್ಲಿ ನನ್ನ ಪದ್ಧತಿ ಕೊಂಚ ಬದಲಾಯಿತು. ಗಾಳಿ ಎಲ್ಲಿ ಹೇಗಿರುತ್ತದೆಂದು ಮುನ್ಸೂಚನೆ ನೋಡಿ ರೋಗಿಗೆ ಹೇಳುವುದು ವೈದ್ಯರ ಕೆಲಸ, ಅದನ್ನು ಬಿಡಲಿಲ್ಲ. ಆದರೆ ಅದನ್ನು ಹೇಳಿದ ಮೇಲೆ ಪೆನ್ನು ಕೆಳಗಿಟ್ಟು, ನಿಮಗೆ ಯಾರ ಹತ್ತಿರ ಇರಬೇಕೆನ್ನಿಸುತ್ತದೆ ಎಂದು ಕೇಳುತ್ತಿದ್ದೆ. ನೀವೇ ಹೇಳಿ ಡಾಕ್ಟ್ರೇ ಎಂದವರೇ ಹೆಚ್ಚು. ಕೆಲವರು ಮಾತ್ರ ಬಹಳ ಹೊತ್ತು ಯೋಚಿಸಿ ಒಂದು ಹೆಸರು ಹೇಳುತ್ತಿದ್ದರು. ಅದನ್ನು ಕೇಳಿಸಿಕೊಂಡ ಮೇಲೆಯೇ ಔಷಧ ಬರೆಯುತ್ತಿದ್ದೆ.