ಕತ್ತರಿ ಅಕ್ಕ ಕೇಳಿಸಿಕೊಳ್ಳದೆ ಬಿಟ್ಟದ್ದು

ರೇಡಿಯೊ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಕ್ಕ ಎನ್ನುತ್ತಾರೆ. ಊರಿನಲ್ಲಿ ನಡೆಯುತ್ತಿರುವ ನಾಟಕಗಳ ಬಗ್ಗೆ ಕಲಾವಿದರು, ವಿಮರ್ಶಕರು ಮನಸೋಇಚ್ಛೆ ಆಡಿದ ಮಾತನ್ನು ಅರ್ಧ ಗಂಟೆಗೆ ಇಳಿಸುವುದು ಅವಳ ಕೆಲಸ. ಕೂತಲ್ಲಿ ಕೂರುವವಳಲ್ಲ, ಕೂತರೂ ಮೇಜಿನ ಕೆಳಗೆ ಒಂದು ಕಾಲು ಅಲುಗುತ್ತಲೇ ಇರುತ್ತದೆ. ಪರದೆಯ ಮೇಲೆ ದನಿಯ ಗೆರೆ ಏರಿಳಿಯುವಷ್ಟು ಹೊತ್ತು ಸರಿ. ಚಪ್ಪಟೆಯಾಯಿತೋ, ಕೇಳುವ ಗೋಜಿಗೂ ಹೋಗದೆ ಕತ್ತರಿಸುತ್ತಾಳೆ.

"ಸದ್ದು ನಿಂತ್ರೆ ಜನ ರೇಡಿಯೊ ಕೆಟ್ಟಿತು ಅಂತ ಅದರ ತಲೆ ಮೇಲೆ ಕುಟ್ತಾರೆ" ಎನ್ನುವುದು ಅವಳ ವಾದ.

ಅಂದು ಬೆಳಗಿನ ಪ್ರಸಾರ ಮುಗಿದದ್ದೇ ತಡ, ತಂಗಿಯ ಫೋನು ಬಂತು. ತಂಗಿ ನಟಿ. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಒಡೆದುಹೋದ ಮೇಲೆ ಎರಡು ಮನಸ್ಸಿನಿಂದಲೇ ರಂಗಕ್ಕೆ ಮರಳಿ, ಮಗನನ್ನು ಕಳೆದುಕೊಂಡ ತಾಯಿಯ ಪಾತ್ರ ಮಾಡುತ್ತಿದ್ದಳು.

"ಕೇಳಿದ್ಯಾ ಅಕ್ಕಾ? ಕೊನೇ ದೃಶ್ಯದಲ್ಲಿ ಆ ತಾಯಿ ಹೇಗಿದ್ಲು ಅಂತ ಸಂದರ್ಶಕರು ಕೇಳಿದ್ದಕ್ಕೆ, ಪ್ರಶ್ನೆ ಮುಗಿಯೋಕೂ ಬಿಡದೆ 'ಮುಂದಿನ ಪ್ರಶ್ನೆ ಕೇಳಿ' ಅಂದ್ರಲ್ಲ ನಿಮ್ಮ ಹುಳಿ ಮೇಷ್ಟ್ರು!"

ಹುಳಿ ಮೇಷ್ಟ್ರು ಎಂದರೆ ಆ ವಾರದ ವಿಮರ್ಶಕರು. ಅವರು ನಕ್ಕದ್ದನ್ನು ಕಂಡವರಿಲ್ಲ.

"ಅವರು ಯಾರನ್ನ ಹೊಗಳಿದ್ದಾರೆ ಹೇಳು?"

"ಬೈದಿದ್ರೆ ಸಹಿಸ್ಕೋತಿದ್ದೆ. ಒಂದು ಮಾತಿಗೂ ಲಾಯಕ್ಕಿಲ್ವಾ ನಾನು? ಮಧ್ಯಾಹ್ನ ಹೋಗಿ ನಿರ್ದೇಶಕರಿಗೆ ಹೇಳ್ಬಿಡ್ತೀನಿ, ಬೇರೆಯವಳನ್ನ ಹಾಕ್ಕೊಳ್ಳಿ ಅಂತ."

ಫೋನು ಕಡಿದುಹೋಯಿತು. ಅಕ್ಕ ಕಾರಿಡಾರಿನ ತುದಿವರೆಗೆ ಹೋದಳು, ಬಂದಳು. ನೀರು ತಂದು ಕುಡಿಯದೆ ಇಟ್ಟಳು. ಕಿಟಕಿ ತೆರೆದು, ಬೀದಿಯ ಗದ್ದಲಕ್ಕೆ ಮತ್ತೆ ಮುಚ್ಚಿದಳು. ಆ ಪ್ರಶ್ನೆಗೂ ಆ ಉತ್ತರಕ್ಕೂ ನಡುವೆ ತಾನು ಏನಾದರೂ ತೆಗೆದೆನೆ? ನೆನಪಾಗಲಿಲ್ಲ. ನೆನಪಾಗದಿದ್ದುದೇ ಅವಳನ್ನು ಹೆದರಿಸಿತು.

ಮೂಲ ಧ್ವನಿಮುದ್ರಣ ಹಾಕಿದಳು. ಪ್ರಶ್ನೆ ಬಂತು. ಗೆರೆ ಚಪ್ಪಟೆಯಾಯಿತು. ಮುಂದಕ್ಕೆ ಓಡಿಸಲು ಹೊರಟ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು.

ಕುರ್ಚಿ ಕಿರುಗುಟ್ಟಿತು. ಕನ್ನಡಕವನ್ನು ಮೇಜಿನ ಮೇಲಿಟ್ಟ ಸದ್ದು. ಒಂದು ಉಸಿರು ಅರ್ಧದಲ್ಲೇ ತಡವರಿಸಿತು. ಮತ್ತೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಮೇಷ್ಟ್ರು ಮೂಗೊರೆಸಿಕೊಂಡರು. ಆಮೇಲೆ, ಬೇಡಿಕೊಳ್ಳುವವರ ಹಾಗೆ ತೀರ ಸಣ್ಣಗೆ: "ಮುಂದಿನ ಪ್ರಶ್ನೆ ಕೇಳಿ."

ಈ ದನಿ ಸಣ್ಣದಾಯಿತೆಂದು ಪ್ರಸಾರಕ್ಕೆ ಜೋರು ಮಾಡಿದವಳೂ ಅವಳೇ.

ತಂಗಿಗೆ ಫೋನು ಮಾಡಿ, ಅದೇ ತುಣುಕನ್ನು ಮತ್ತೆ ಹಾಕಿ ಸ್ಪೀಕರಿನ ಹತ್ತಿರ ಹಿಡಿದಳು.

"ಏನೂ ಕೇಳಿಸ್ತಿಲ್ಲ ಅಕ್ಕಾ."

"ಕೇಳು ಅಂದ್ರೆ ಕೇಳೇ."

ತುಣುಕು ಮುಗಿಯಿತು. ಅಕ್ಕ ಫೋನನ್ನು ಮತ್ತೆ ಕಿವಿಗೆ ಹಿಡಿದಳು.

"ಅತ್ತರಾ ಅವರು?"

"ಹೂಂ."

"ಕತ್ತರಿಸಿದ್ದು?"

"ನಾನೇ ಕಣೇ. ಕೇಳಿಸ್ಕೊಳ್ಳದೇನೇ."

"ಊರಲ್ಲಿ ಇನ್ಯಾರೂ ಸಿಗ್ಲಿಲ್ವಾ ನಿಂಗೆ, ಒಡಹುಟ್ಟಿದವಳೇ ಬೇಕಿತ್ತಾ?" ಒಡೆದ ದನಿ ನಗುತ್ತಿತ್ತೋ ಅಳುತ್ತಿತ್ತೋ.

"ಮಧ್ಯಾಹ್ನದ ಮರುಪ್ರಸಾರಕ್ಕೆ ಪೂರ್ತಿ ಹಾಕ್ತೀನಿ."

"ಜನ ರೇಡಿಯೊ ಕುಟ್ತಾರೆ."

"ಕುಟ್ಲಿ ಬಿಡು. ನೀನು ನಿರ್ದೇಶಕರ ಹತ್ರ…"

"ಹೋಗಲ್ಲ. ಸಂಜೆ ನಾಟಕಕ್ಕೆ ಬಾ. ಆದ್ರೆ ಹಿಂದಿನ ಸಾಲಲ್ಲಿ ಕೂತ್ಕೋ ಮಾರಾಯ್ತಿ. ಮುಂದೆ ಕೂತು ನೀನು ಕಾಲು ಅಲುಗಿಸ್ತಿದ್ರೆ ನಂಗೆ ಮಾತೇ ಮರೆತುಹೋಗುತ್ತೆ."

ಅಕ್ಕ ಮೇಜಿನ ಕೆಳಗೆ ಬಗ್ಗಿ ನೋಡಿಕೊಂಡಳು. ಕಾಲು ಆಗಲೂ ಅಲುಗುತ್ತಿತ್ತು.