ಫುಟ್‌ಪಾತಿನ ಮೇಲೆ ಬಂದ ಕಾರು

ಅಹಮದಾಬಾದಿನ ವಸ್ತ್ರಾಪುರ ಬಡಾವಣೆಗೆ ಬಂದ ಮೊದಲ ವರ್ಷ ಮಗಳನ್ನು ಶಾಲೆಯ ವ್ಯಾನಿಗೆ ಹಾಕಿದ್ದೆವು. ಕಿಟಕಿ ತೆರೆಯದ ಆ ವ್ಯಾನಿನೊಳಗೆ ಹಳಸಿದ ಡಬ್ಬಿಯ ವಾಸನೆ, ಬೆವರಿದ ಸಾಕ್ಸಿನ ವಾಸನೆ. ಮೂರನೇ ತರಗತಿಯ ಹುಡುಗಿ ದಿನ ಬಿಟ್ಟು ದಿನ ವಾಂತಿ ಮಾಡಿಕೊಂಡು ಮನೆಗೆ ಬರುತ್ತಿದ್ದಳು. ಶಾಲೆ ಇರುವುದು ಮನೆಯ ಹತ್ತಿರದ ಕೆರೆಯ ಆಚೆ ಬದಿಗೆ. ನಡೆದೇ ಹೋಗೋಣವೆಂದು ನಾನು ಹೇಳಿದೆ. ಬ್ಯಾಂಕಿನ ವರ್ಗಾವಣೆಯ ಮೇಲೆ ನಮ್ಮನ್ನು ಹುಬ್ಬಳ್ಳಿಯಿಂದ ಇಲ್ಲಿಗೆ ಕರೆತಂದ ಗಂಡ, ಈ ಅಹಮದಾಬಾದಿನ ಟ್ರಾಫಿಕ್ಕಿನಲ್ಲಿ ಬೇಡವೆಂದರು. ನಾನು ಜೊತೆಗಿರುತ್ತೇನಲ್ಲ ಎಂದೆ.

ಹಾಗೆ ಕೆರೆ ಬಳಸಿ ನಡೆಯತೊಡಗಿದೆವು. ಫುಟ್‌ಪಾತ್ ಇತ್ತು, ಇಲ್ಲವೆನ್ನಲಾರೆ. ಅದರ ಮೇಲೆ ನಿಲ್ಲಿಸಿದ ಸ್ಕೂಟರು, ತಿಂಡಿ ಗಾಡಿಯವರು ಚೆಲ್ಲಿದ ಕರಿದೆಣ್ಣೆ, ದನದ ಸಗಣಿ. ಪಾನ್ ಅಂಗಡಿಯ ಮುಂದೆ ನೆಲದ ಬಣ್ಣವೇ ಕಾಣುತ್ತಿರಲಿಲ್ಲ. ಅಡಿಕೆಗೆ ತಂಬಾಕು, ಸುಣ್ಣ ಸೇರಿಸಿ ತಿಕ್ಕಿದ ಮಾವಾವನ್ನು ದವಡೆಗೆ ಒತ್ತಿಕೊಂಡು ನಿಂತವರು, ಮಗುವೊಂದು ಬರುತ್ತಿದೆಯೆಂದೂ ನೋಡದೆ ಪಿಚಕ್ಕನೆ ಉಗುಳುತ್ತಿದ್ದರು. ರಸ್ತೆ ದಾಟುವಾಗ ಎರಡೂ ಕಡೆ ನೋಡಬೇಕು, ರಾಂಗ್ ಸೈಡಿನಿಂದ ನುಗ್ಗುವ ಬೈಕುಗಳನ್ನೂ ನೋಡಬೇಕು, ಓಡಬಾರದು ಎಂದು ಮಗಳಿಗೆ ಕಲಿಸಿದೆ. ಎಲ್ಲಿ ಕಾಲಿಡಬಾರದೆಂದು ಮಾತ್ರ ಅವಳೇ ಕಲಿತಳು. ವಾಂತಿ ನಿಂತಿತು. ಮಧ್ಯಾಹ್ನ ಬಂದವಳೇ ಊಟ ಕೇಳತೊಡಗಿದಳು.

ಚಳಿಗಾಲದ ಒಂದು ಬೆಳಗ್ಗೆ ಶಾಲೆಯ ಗೇಟು ಇನ್ನೇನು ಬಂತು ಎನ್ನುವಾಗ ಬೆನ್ನ ಹಿಂದೆ ಹಾರ್ನ್ ಕೇಳಿಸಿತು. ಗೇಟಿನ ಮುಂದಿನ ಕಾರುಗಳ ಸಾಲನ್ನು ತಪ್ಪಿಸಲು ದೊಡ್ಡ ಕಾರೊಂದು ರಾಂಗ್ ಸೈಡಿನಿಂದ ಫುಟ್‌ಪಾತಿನ ಮೇಲೇ ಹತ್ತಿ ಬರುತ್ತಿತ್ತು. ಮಗಳನ್ನು ಗೋಡೆಗೆ ಸರಿಸಿ ನಾನು ಅದರ ಮುಂದೆ ನಿಂತೆ. ಹಿಂದಿನ ಸೀಟಿನಲ್ಲಿ ಅವಳದೇ ತರಗತಿಯ ಹುಡುಗ ಮೊಬೈಲ್ ನೋಡುತ್ತ ಕುಳಿತಿದ್ದ. ಸ್ಟಿಯರಿಂಗ್ ಹಿಡಿದಿದ್ದ ಅವನ ತಂದೆ ಗಾಜು ಇಳಿಸಿದ. ಬಾಯಿ ತುಂಬಿದ್ದರಿಂದ ಮಾತು ಬರಲಿಲ್ಲ. ಪಕ್ಕಕ್ಕೆ ಸರಿಯೆಂದು ಕೈ ಬೀಸಿದ. ನಾನು ಕದಲಲಿಲ್ಲ. ಆಗ ಬಾಯಿ ಖಾಲಿ ಮಾಡಿಕೊಳ್ಳಲು ಗೋಡೆಯ ಕಡೆ ಉಗುಳಿದ. ಅದು ಮಗಳ ಮೊಣಕಾಲಿನಿಂದ ಬಿಳಿ ಸಾಕ್ಸಿನವರೆಗೆ ಇಳಿಯಿತು.

"ಖಸೋ ನೇ, ಬೇನ್," ಎಂದ, ಪಕ್ಕಕ್ಕೆ ಸರಿಯಮ್ಮ ಎನ್ನುವ ಹಾಗೆ, ಏನೂ ಆಗದವನಂತೆ.

ಮಗಳು ಅಳಲಿಲ್ಲ. ಕಾಲನ್ನು ಮೈಯಿಂದ ದೂರ ಚಾಚಿ ನಿಂತು, "ಮಮ್ಮಿ, ಇದು ವಾಶ್ ಆಗ್ತದೇನು?" ಎಂದಳು. ಬಾಟಲಿಯ ನೀರನ್ನೆಲ್ಲ ಸುರಿದು ತಿಕ್ಕಿದೆ. ಆ ಬೆಚ್ಚನೆಯ ಲೋಳೆ ನನ್ನ ಬೆರಳಿಗೆ ಹತ್ತಿತು. ಅಷ್ಟರಲ್ಲಿ ಕಾರು ನಮ್ಮನ್ನು ಬಳಸಿಕೊಂಡು ಗೇಟಿಗೆ ಹೋಗಿತ್ತು.

ವೈಸ್ ಪ್ರಿನ್ಸಿಪಾಲರ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಆಕೆ ಮಗಳ ಕಾಲು ನೋಡಿ ಮೂಗು ಸಿಂಡರಿಸಿದರು. ಕಾರಿನ ನಂಬರು ಕೊಡಹೋದರೆ ಬೇಡವೆಂದರು. ನಡೆದು ಬಂದರೆ ಹೀಗೆಲ್ಲ ಆಗುವುದೇ, ಮತ್ತೆ ವ್ಯಾನಿಗೆ ಹಾಕಿ ಎಂದು ನಗುತ್ತ ಸಲಹೆ ಕೊಟ್ಟರು. ಉಗುಳಿದವನಿಗಿಂತ ಆ ತಣ್ಣನೆಯ ನಗುವೇ ನನಗೆ ಹೆಚ್ಚು ಹೇಸಿಗೆ ತರಿಸಿತು.

ಮಗಳೊಡನೆ ಮನೆಗೆ ಬಂದು ಸಾಕ್ಸನ್ನು ಕಸಕ್ಕೆ ಹಾಕಿ, ಎದುರು ಮನೆಯ ಅಜ್ಜಿಯ ಮುಂದೆ ಎಲ್ಲವನ್ನೂ ನನ್ನ ಮುರುಕು ಹಿಂದಿಯಲ್ಲಿ ಕಾರಿಕೊಂಡೆ. ಅಮ್ಮ ಎನ್ನುವ ಹಾಗೆ ಎಲ್ಲರೂ 'ಬಾ' ಎಂದು ಕರೆಯುವ ಆ ಗುಜರಾತಿ ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡರು. ಮರುದಿನ ಬೆಳಗ್ಗೆ ಸ್ವೆಟರ್ ಹಾಕಿಕೊಂಡು, ಊರುಗೋಲು ಹಿಡಿದು, ವ್ಯಾನಿಗೆ ಹೋಗುತ್ತಿದ್ದ ಮೊಮ್ಮಕ್ಕಳಿಬ್ಬರನ್ನೂ ಹೊರಡಿಸಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು.

ಅದೇ ಕಾರು ಆ ವಾರವೇ ಮತ್ತೆ ಫುಟ್‌ಪಾತ್ ಹತ್ತಿತು. ಬಾ ಮಕ್ಕಳನ್ನು ನನ್ನ ಕೈಗೆ ಕೊಟ್ಟು ಮುಂದೆ ಹೋದರು, ಊರುಗೋಲಿನಿಂದ ಬಾನೆಟ್ಟಿನ ಮೇಲೆ ಸಾವಕಾಶವಾಗಿ ಬಡಿದರು.

"ಗಾಡಿ ರೋಡ್ ಪರ್ ಚಲಾವ್, ಭಾಯಿ," ಎಂದರು. ದನಿ ಏರಿಸಲಿಲ್ಲ. ಅವನು ಹಾರ್ನ್ ಒತ್ತಿದ. ಅವರು ಮತ್ತೊಮ್ಮೆ ಬಡಿದರು. ಜನ ನಿಂತು ನೋಡತೊಡಗಿದ ಮೇಲೆ ಕಾರು ಹಿಂದಕ್ಕೆ ಸರಿದು ರಸ್ತೆಗಿಳಿಯಿತು.

ಆಮೇಲೆ ನಮ್ಮ ವಸತಿ ಸೊಸೈಟಿಯ ಇನ್ನೂ ಕೆಲವು ಮಕ್ಕಳು ಜೊತೆಯಾದರು. ತಾಯಂದಿರು ಸರದಿಯ ಮೇಲೆ ಕರೆದೊಯ್ಯುತ್ತೇವೆ. ಮಗಳೀಗ ಐದನೇ ತರಗತಿ. ಸಣ್ಣವರ ಕೈ ಹಿಡಿದು ರಸ್ತೆ ದಾಟಿಸುತ್ತಾಳೆ. ಪಾನ್ ಅಂಗಡಿಯ ಮುಂದಿನ ನೆಲ ಹಾಗೇ ಕೆಂಪಗಿದೆ, ಮಕ್ಕಳು ಸಾಲಾಗಿ ಮೂಗು ಮುಚ್ಚಿಕೊಂಡು ದಾಟುತ್ತಾರೆ. ಆ ಮನುಷ್ಯ ಕಾರನ್ನು ತುಸು ದೂರದಲ್ಲೇ ನಿಲ್ಲಿಸುತ್ತಾನೆ. ಮೊನ್ನೆ ಪೇರೆಂಟ್ಸ್ ಮೀಟಿಂಗಿನಲ್ಲಿ ನನ್ನನ್ನು ಗುರುತಿಸಿ ನಗುತ್ತ ಕೈ ಮುಗಿದ. ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರಿತ್ತು. ನಾನು ಕೈ ಮುಗಿಯಲಿಲ್ಲ.