ಸನಂಬರ್ ಅತ್ತೆಯ ಒಂಬತ್ತು ಬಾತುಗಳು

ಮಗು ಅತ್ತರೆ ಊರಿಗೇ ಕೇಡು ಎಂದು ನನ್ನ ಅತ್ತೆ ಸನಂಬರ್ ಮೊದಲ ಸಲ ಹೇಳಿದಾಗ ನನಗೆ ನಗು ಬಂದಿತ್ತು. ನಾನು ಸಾರಿ ಎಂಬ ಪಟ್ಟಣದಲ್ಲಿ ಓದಿ ಬೆಳೆದವಳು. ಈಗ ನಗು ಬರುವುದಿಲ್ಲ. ಕಾಸ್ಪಿಯನ್ ಕಡಲಿನ ಕಡೆಗೆ ಊರಿನ ಕೊನೆಯ ಮನೆ ನಮ್ಮದು. ಹಿತ್ತಿಲಿನ ಬದು ದಾಟಿದರೆ ದಾಮ್‌ಗಾಹ್: ಕೊಯ್ಲಾದ ಭತ್ತದ ಗದ್ದೆಗೆ ನೀರು ಕಟ್ಟಿ, ಸುತ್ತಲೂ ಆಳೆತ್ತರ ಜೊಂಡಿನ ತಡಿಕೆ ನಿಲ್ಲಿಸಿ, ಮೂಲೆಯ ಕಾಲುವೆಗಳಲ್ಲಿ ಬಲೆ ಹಾಸಿ ಕಾಡುಬಾತು ಹಿಡಿಯುವ ಜಾಗ. ಚಳಿಗಾಲದಲ್ಲಿ ಅದರ ಹತ್ತಿರ ಯಾರೂ ದನಿ ಎತ್ತುವ ಹಾಗಿಲ್ಲ. ಕೋವಿಯ ಮಾತಿರಲಿ, ಮದುವೆಯಲ್ಲಿ ಡೋಲು ಕೂಡ ಬಾರಿಸುವುದಿಲ್ಲ. ಗಂಡಸರು ಕೆಮ್ಮನ್ನೂ ತೋಳಿನಲ್ಲಿ ಅದುಮಿಕೊಳ್ಳುತ್ತಾರೆ.

ನನ್ನ ಬನಫ್ಷೆಗೆ ಏಳು ತಿಂಗಳು, ಹಲ್ಲು ಮೂಡುವ ಸಂಕಟ. ಗಂಡ ಚಳಿಗಾಲವೆಲ್ಲ ಮೀನುದೋಣಿಯಲ್ಲಿ. ಮಗು ತುಟಿ ಬಿರಿದರೆ ಸಾಕು, ನನ್ನ ಕೈ ತಾನಾಗಿ ಅವಳ ಬಾಯಿಯ ಮೇಲೆ ಹೋಗುತ್ತಿತ್ತು. ಉಸಿರು ಕಟ್ಟೀತೇನೋ ಎಂದು ತೆಗೆಯುತ್ತಿದ್ದೆ, ಅಳು ಕೇಳೀತೇನೋ ಎಂದು ಮತ್ತೆ ಇಡುತ್ತಿದ್ದೆ.

"ಸೊಸೆ, ಅದರ ಬಾಯಿಗೆ ಏನಾದ್ರೂ ಇಡಮ್ಮ. ಹಕ್ಕಿ ಹಾರಿಹೋದ್ರೆ ನಿನ್ನ ಗಂಡ ತಂದ್ಕೊಡ್ತಾನಾ?" ಎಂದು ಬದುವಿನ ಮೇಲೆ ನಿಂತು ಕೇಳಿದವನು ಫರಾಮರ್ಜ್, ಆ ದಾಮ್‌ಗಾಹ್‌ನ ಯಜಮಾನ.

ಒಲೆಯ ಮುಂದಿನಿಂದಲೇ ಅತ್ತೆ ಉತ್ತರ ಕೊಟ್ಟರು. "ಮಗು ಬಾಯಿ ಮುಚ್ಚಿಸಬಹುದು ಕಣಪ್ಪ. ಕಳ್ಳನ ಬಾಯಿ ಮುಚ್ಚಿಸೋದು ಹೇಗೆ, ಅದನ್ನ ಹೇಳು."

ಅವನು ನಕ್ಕು ಹೊರಟುಹೋದ. ಅವನ ಹೆಗಲ ಮೇಲೆ ಬಲೆಯ ಹಗ್ಗದ ಸುರುಳಿ ಇತ್ತು. ಹಗ್ಗ ಹಿಡಿದವನೇ ಯಜಮಾನ; ಮೂರು ವರ್ಷದ ಹಿಂದೆ ಅದು ನನ್ನ ಮಾವ ಹೈಬತ್ ಅವರ ಹೆಗಲ ಮೇಲಿತ್ತು.

ಆಗ ಹಗ್ಗ ಎಳೆಯುತ್ತಿದ್ದವರು ಮಾವ. ಆದರೆ ಪಳಗಿಸಿದ ಹಕ್ಕಿಗಳು ಅತ್ತೆಯವು. ಮದುವೆಯಾಗಿ ಬಂದ ವರ್ಷದಿಂದ ಅವರು ಮಾಡಿದ್ದು ಅದೊಂದೇ ಕೆಲಸ. ಮೊಟ್ಟೆಯೊಡೆದ ಮರಿಗಳನ್ನು ಮಡಿಲಲ್ಲಿ ಹಾಕಿಕೊಂಡೇ ಅಡುಗೆ ಮಾಡುತ್ತಿದ್ದರು, ಅಂಗೈಯಿಂದ ಅನ್ನ ತಿನ್ನಿಸುತ್ತಿದ್ದರು, ಅವುಗಳ ಜೊತೆ ಜಗಳವನ್ನೂ ಆಡುತ್ತಿದ್ದರು. ಹಾಗೆ ಪಳಗಿದ ಬಾತು ಆಕಾಶದಲ್ಲಿ ಕಾಡುಬಾತಿನ ಹಿಂಡು ಕಂಡರೆ ಮೇಲೆದ್ದು, ಅವುಗಳ ಜೊತೆ ಒಂದು ಸುತ್ತು ಹಾಕಿ, ಇಡೀ ಹಿಂಡನ್ನು ನೀರಿಗೆ ಇಳಿಸಿಕೊಂಡು ಬರುತ್ತದೆ. ಆಮೇಲೆ ಅನ್ನದ ಆಸೆಗೆ ಕಾಲುವೆಯೊಳಗೆ ಹೋಗುತ್ತದೆ. ಕಾಡಿನವು ಹಿಂದೆ ಹೋಗುತ್ತವೆ. ಹಗ್ಗ ಎಳೆದರೆ ಬಲೆ ಮುಚ್ಚಿಕೊಳ್ಳುತ್ತದೆ.

ಅಂಥ ಒಂಬತ್ತು ಬಾತುಗಳು ಒಂದು ಮುಂಜಾನೆ ಗೂಡಿನಲ್ಲಿರಲಿಲ್ಲ. ವಾರ ಕಳೆಯುವುದರೊಳಗೆ ಫರಾಮರ್ಜ್ ಬಳಿ ಹೊಸದಾಗಿ ಒಂಬತ್ತು ಬಾತು ಬಂದಿದ್ದವು. ಅತ್ತೆ ತಮ್ಮ ಹಕ್ಕಿಯ ಬಲಗಾಲಿನ ಬೆರಳುಗಳ ನಡುವಿನ ಪೊರೆಯಲ್ಲಿ ಒಂದು ಕಚ್ಚು ಮಾಡುವವರು. ಫರಾಮರ್ಜ್ ಮನೆತನದ ಗುರುತು ಎರಡು ಕಚ್ಚು. ದಾಮ್‌ಗಾಹ್‌ನ ಪಾಲುದಾರರಲ್ಲಿ ಹಿರಿಯರಾದ ರಜಬ್ ಅಜ್ಜ ಬಂದು ಕಾಲು ಹಿಡಿದು ನೋಡಿದರು.

"ಕಚ್ಚು ಎರಡಿದೆಯಲ್ಲಮ್ಮ."

"ಒಂದನ್ನ ಎರಡು ಮಾಡೋಕೆ ಕತ್ತರಿ ಸಾಕು ಅಜ್ಜ. ಎರಡನ್ನ ಒಂದು ಮಾಡಿ ತೋರಿಸಿ, ಆಗ ಒಪ್ತೀನಿ."

ಬಾತು ಉಳಿಸಿಕೊಳ್ಳಲಾರದವನ ಕೈಯಲ್ಲಿ ಹಗ್ಗ ಯಾಕೆ ಎಂದು ಪಾಲುದಾರರು ಅದನ್ನು ಫರಾಮರ್ಜ್‌ಗೆ ಕೊಟ್ಟರು. ಮಾವ ಎರಡು ಚಳಿಗಾಲ ಕಿಟಕಿಯ ಬಳಿ ಕುಳಿತು ರೆಕ್ಕೆಯ ಸದ್ದು ಕೇಳಿಸಿಕೊಂಡರು.

ಬೇಸಿಗೆಯಲ್ಲಿ ಫರಾಮರ್ಜ್ ಆ ಬಾತುಗಳನ್ನು ದೂರದ ಭಾವನ ಊರಿನಲ್ಲಿ ಬಚ್ಚಿಡುತ್ತಿದ್ದ. ಅವು ಅತ್ತೆಯ ದನಿಗೆ ಎಟುಕುತ್ತಿದ್ದುದು ಚಳಿಗಾಲದಲ್ಲಿ, ನೀರಿನ ಮೇಲಿದ್ದಾಗ ಮಾತ್ರ. ಒಂದು ಸಲ ಅವರು ಅಂಗಳಕ್ಕೆ ಇಳಿದೇಬಿಟ್ಟಿದ್ದರಂತೆ. ಮಾವ ಕೈ ಹಿಡಿದುಕೊಂಡರಂತೆ. "ನೀರಿನ ಮೇಲಿರೋ ಹಕ್ಕೀನ ಕರೀಬೇಡ ಸನಂಬರ್. ಹಿಂಡೆಲ್ಲ ಎದ್ದುಹೋಗತ್ತೆ, ಆ ವರ್ಷ ಮತ್ತೆ ಇಳಿಯಲ್ಲ. ಪಾಲುದಾರರ ಮನೇಲೂ ಮಕ್ಕಳಿದಾರೆ. ಒಂದ್ಸಲ ಹಿಂಡು ಎಬ್ಬಿಸಿದ ಬಾತು ಮತ್ತೆ ಮತ್ತೆ ಎಬ್ಬಿಸತ್ತೆ, ಆಮೇಲೆ ಅದಕ್ಕೆ ಕತ್ತೀನೇ ಗತಿ. ನಾನಿರೋವರೆಗೂ ಬೇಡ."

"ಆಯ್ತು," ಎಂದಿದ್ದರು ಅತ್ತೆ. "ನೀವಿರೋವರೆಗೂ."

ಈ ಶರತ್ಕಾಲದಲ್ಲಿ ಮಾವ ತೀರಿಕೊಂಡರು. ನಲವತ್ತನೆಯ ದಿನದ ಹಲ್ವಾವನ್ನು ಅತ್ತೆ ಫರಾಮರ್ಜ್ ಮನೆಗೂ ಕಳಿಸಿದರು. ಯಾಕೆ ಅತ್ತೆ ಎಂದೆ. "ತಿನ್ನಲಿ. ಕೊಬ್ಬಲಿ. ಬಡಕಲು ಹಕ್ಕೀನ ಕೊಂದು ಏನು ಸುಖ?" ಎಂದರು.

ಚಳಿಯ ನಡುವಿನ ತಿಂಗಳಲ್ಲಿ ಉತ್ತರದ ಗಾಳಿ ಮೂರು ದಿನ ಬೀಸಿ ನಿಂತಿತು. ನಾಲ್ಕನೆಯ ಬೆಳಗ್ಗೆ ದಾಮ್‌ಗಾಹ್‌ನಲ್ಲಿ ನೀರೇ ಕಾಣುತ್ತಿರಲಿಲ್ಲ, ಅಷ್ಟು ಬಾತು. ಇಷ್ಟು ಹಕ್ಕಿ ಇಳಿದದ್ದನ್ನು ಹೈಬತ್ ಕಂಡಿದ್ದನೇ ಎನ್ನುತ್ತ ಫರಾಮರ್ಜ್ ಪಾಲುದಾರರನ್ನೆಲ್ಲ ಕರೆಸಿ ತಡಿಕೆಯ ಹಿಂದೆ ಕೂರಿಸಿದ. ಅತ್ತೆ ತಾಮ್ರದ ಹರಿವಾಣಕ್ಕೆ ಬಿಸಿ ಅನ್ನ ಹರವಿ ಆರಿಸಿದರು. ಅವರು ಏನು ಮಾಡಲಿದ್ದಾರೆಂದು ಮುಖ ನೋಡಿಯೇ ನನಗೆ ತಿಳಿಯಿತು.

"ಬೇಡ ಅತ್ತೆ."

"ಮಗೂನ ಎದೆಗವಚಿಕೋ. ಗಾಬರಿ ಬೀಳತ್ತೆ."

ಅಂಗಳದ ನಡುವೆ ನಿಂತು ಕರೆದರು. ಕೂಗಲಿಲ್ಲ, ಊಟಕ್ಕೆ ಕರೆಯುವ ದನಿ, ಅಷ್ಟೆ. "ಬೀಲೀ... ಬೀಲೀ ಬೀಲೀ..."

ಮೊದಲು ಏನೂ ಆಗಲಿಲ್ಲ. ಆಮೇಲೆ ತಡಿಕೆಯ ಮೇಲಿಂದ ಒಂಬತ್ತು ಹಕ್ಕಿ ಎದ್ದವು. ಅವುಗಳ ಹಿಂದೆ ಇಡೀ ಗದ್ದೆಯೇ ಎದ್ದಿತು. ಗುಡುಗು ನೆಲದಿಂದ ಹುಟ್ಟಿದ ಹಾಗೆ. ಅಂಗಳದ ಬಿಸಿಲು ಹೋಗಿ ಕತ್ತಲಾಯಿತು, ಮತ್ತೆ ಬಿಸಿಲು ಬಂತು. ಹಿಂಡು ಕಡಲ ಕಡೆಗೆ ಕರಗಿಹೋಯಿತು. ಒಂಬತ್ತು ಬಾತುಗಳು ಮಾತ್ರ ಅತ್ತೆಯ ಕಾಲ ಬಳಿ ಇಳಿದು ಕೊಕ್ಕು ಚಾಚಿದವು.

ಗಂಡಸರು ಬದು ಹಾರಿ ಓಡಿ ಬಂದರು. ಫರಾಮರ್ಜ್ ಬಾಯಿಂದ ಬಂದ ಬೈಗುಳವನ್ನು ನಾನು ಬರೆಯಲಾರೆ. ಅತ್ತೆ ಅವನ ಕಡೆ ತಿರುಗಲೂ ಇಲ್ಲ.

"ರಜಬ್ ಅಜ್ಜ, ಕಟ್ಟಳೆ ನಿಮ್ಮದೇ ಅಲ್ವಾ? ಅವರವರ ಅಂಗಳದಲ್ಲಿ ಅವರವರ ಹಕ್ಕೀನ ಕರೀಬಹುದು. ನಾನು ನನ್ನವನ್ನ ಕರೆದೆ."

"ಅನ್ನ ಕಂಡು ಬಂದಿವೆ!" ಫರಾಮರ್ಜ್ ಅರಚಿದ. "ಯಾರು ಅನ್ನ ತೋರಿಸಿದ್ರೂ ಬರ್ತವೆ!"

"ಹೌದಾ? ಹಿಡಿ ಹಾಗಾದ್ರೆ." ಅತ್ತೆ ಹರಿವಾಣವನ್ನು ಅವನ ಕೈಗೆ ಕೊಟ್ಟು, ಬರಿಗೈಯಲ್ಲಿ ಬಾವಿಕಟ್ಟೆಯವರೆಗೆ ನಡೆದು ಮತ್ತೆ ಕರೆದರು. ಫರಾಮರ್ಜ್ ಸಿಳ್ಳೆ ಹಾಕಿ ಕರೆಯಲು ನೋಡಿದ. ಒಣಗಿದ ತುಟಿಯಿಂದ ಗಾಳಿಯಷ್ಟೇ ಬಂತು. ಒಂಬತ್ತೂ ಅನ್ನ ಬಿಟ್ಟು, ಸಾಲಾಗಿ, ತೂಗಾಡುತ್ತ ಅತ್ತೆಯ ಹಿಂದೆ ಹೋದವು.

ರಜಬ್ ಅಜ್ಜ ಮುಂದೆ ಬಂದರು. "ಹಗ್ಗ ಕೆಳಗಿಡು ಫರಾಮರ್ಜ್," ಎಂದರು. ಆಮೇಲೆ, "ಸನಂಬರ್, ನಮ್ಮ ಮನೆಗಳ ಹಕ್ಕೀನೂ ಹೋಯ್ತಲ್ಲಮ್ಮ. ನಾವೇನು ಮಾಡಿದ್ವಿ?"

"ಏನೂ ಮಾಡ್ಲಿಲ್ಲ ಅಜ್ಜ. ನಮ್ಮ ಮನೆಯವರು ಕಿಟಕಿ ಹತ್ರ ಕೂತಿದ್ದಾಗ್ಲೂ ನೀವು ಏನೂ ಮಾಡ್ಲಿಲ್ಲ."

ಅವರು ಹೋದ ಮೇಲೆ ಅತ್ತೆ ಕತ್ತಿ ಮಸೆದರು. ಕಾಡಿ ಬೇಡಿದೆ: ಇನ್ನು ಬಲೆಯ ಕೆಲಸಕ್ಕೆ ಬಾರದಿದ್ದರೆ ಬೇಡ, ಹಿತ್ತಿಲಲ್ಲಿ ಇರಲಿ ಬಿಡಿ ಎಂದು. "ಹಿಂಡು ಎಬ್ಬಿಸಿದ ಬಾತನ್ನ ಇಟ್ಕೊಂಡೋರು ಈ ಊರಲ್ಲಿಲ್ಲ. ಕರೆಯೋಕೆ ಮುಂಚೇನೇ ಇದು ನಂಗೆ ಗೊತ್ತಿತ್ತು ಕಣೇ," ಎಂದರು. ಒಂದೊಂದನ್ನೇ ಹೆಸರು ಹಿಡಿದು ಕರೆದು, ನಮಾಜಿನ ದಿಕ್ಕಾದ ಕಿಬ್ಲಾದ ಕಡೆ ತಿರುಗಿಸಿ, ದೇವರ ಹೆಸರು ಹೇಳಿ ಕೊಯ್ದರು. ಕರೆದಾಗಲೆಲ್ಲ ಅವು ತಾವಾಗಿ ಬಂದವು. ಬಾಗಿಲ ಹಿಂದೆ ನಿಂತು ಮಗುವಿನ ಕಿವಿ ಮುಚ್ಚಿಕೊಂಡಿದ್ದೆ. ಒಂಬತ್ತನೆಯದಕ್ಕೆ ಮಾತ್ರ ಅವರ ದನಿ ಒಡೆಯಿತು.

ಅಕ್ರೋಟು ಅರೆದು, ದಾಳಿಂಬೆಯ ರಸ ಹುಯ್ದು, ಸಂಜೆಯವರೆಗೆ ಬೇಯಿಸಿ, ಪ್ರತಿ ಪಾಲುದಾರನ ಮನೆಗೂ ಒಂದೊಂದು ತಟ್ಟೆ ಕಳಿಸಿದರು. ನೀಲಿ ಹೂವಿನ ದೊಡ್ಡ ತಟ್ಟೆ ಫರಾಮರ್ಜ್‌ಗೆ. ಅದರಲ್ಲಿ ಅನ್ನದ ಮೇಲೆ ಒಂದು ಬಲಗಾಲು ಇಟ್ಟಿದ್ದರು, ಪೊರೆ ಬಿಡಿಸಿ, ಎರಡೂ ಕಚ್ಚು ಚೆನ್ನಾಗಿ ಕಾಣುವ ಹಾಗೆ.

ನಮ್ಮಲ್ಲಿ ನೆರೆಮನೆಯ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ನಾಲ್ಕು ಕಿತ್ತಳೆಯೋ ಹಿಡಿ ಅಕ್ಕಿಯೋ ಇಟ್ಟು ಕಳಿಸುತ್ತಾರೆ. ಉಳಿದ ತಟ್ಟೆಗಳೆಲ್ಲ ಹಾಗೇ ಬಂದವು. "ನೀಲಿ ತಟ್ಟೆ ಬಂತಾ?" ಎಂದು ಅತ್ತೆ ದಿನಾ ಬೆಳಗ್ಗೆ ಕೇಳುತ್ತಿದ್ದರು. ಎಂಟನೆಯ ದಿನ ಅದು ಬದುವಿನ ಮೇಲಿತ್ತು: ತೊಳೆದದ್ದು, ಬರಿದು. ಅತ್ತೆಗೆ ನೋವಾಗಬಹುದೆಂದು ಬಚ್ಚಿಡಲು ನೋಡಿದೆ. ಅವರು ಕಸಿದುಕೊಂಡು, ತಲೆವಸ್ತ್ರದ ತುದಿಯಲ್ಲಿ ಒರೆಸಿ, ಮಾವ ಕೂರುತ್ತಿದ್ದ ಕಿಟಕಿಯಲ್ಲಿ, ಹೋಗಿಬರುವವರಿಗೆಲ್ಲ ಕಾಣುವಂತೆ ನಿಲ್ಲಿಸಿದರು.

"ನೋಡ್ದೇನೇ? ಕೊಡೋಕೆ ಅವನ ಹತ್ರ ಏನೂ ಉಳಿದಿಲ್ಲ."

ಅಷ್ಟರಲ್ಲಿ ಬನಫ್ಷೆ ಎದ್ದು ಕಿಟಾರೆಂದಳು. ನನ್ನ ಕೈ ಅಭ್ಯಾಸದಂತೆ ಅವಳ ಬಾಯಿಗೆ ಹೋಯಿತು. ಅತ್ತೆ ಆ ಕೈಯನ್ನು ಹಿಡಿದು ಕೆಳಗಿಳಿಸಿದರು.

"ಅಳಲಿ ಬಿಡು. ಈ ವರ್ಷ ಹಾರಿಹೋಗೋಕೆ ಅಲ್ಲಿ ಒಂದು ಹಕ್ಕೀನೂ ಇಲ್ಲ."